ಮಾರಿದ ಮೇಲೂ ಉಳಿಯುವ ಹಕ್ಕು ಉಂಟೇ?

ಲ್ಯಾಪ್‌ಟಾಪ್ ಗಣಕದ ಒಳಗೆ ಹುಟ್ಟಿದ ಒಂದು ವ್ಯಾಜ್ಯದ ವೃತ್ತಾಂತ

ಕಮ್ಮಾರನ ಕುಲುಮೆಯಿಂದ ರೈತನೊಬ್ಬನು ಒಂದು ಕುಡುಗೋಲನ್ನು ಕೊಂಡು ತರುತ್ತಾನೆ ಎಂದು ಇಟ್ಟುಕೊಳ್ಳೋಣ. ಹಣ ಎಣಿಸಿ ಕೊಟ್ಟ ಕ್ಷಣದಿಂದ ಅದು ರೈತನ ಸೊತ್ತು. ಅದರಿಂದ ಅವನು ಬತ್ತವನ್ನು ಕೊಯ್ಯಬಹುದು, ರಾಗಿಯನ್ನೂ ಕೊಯ್ಯಬಹುದು. ಹಿಡಿ ಮುರಿದರೆ ಬಡಗಿಯಿಂದ ಬೇರೊಂದು ಹಿಡಿ ಹಾಕಿಸಬಹುದು. ಬೇಡವೆನಿಸಿದರೆ ನೆರೆಯವನಿಗೆ ಮಾರಿಬಿಡಬಹುದು. ಸುಗ್ಗಿಯ ಕಾಲದಲ್ಲಿ ಕಮ್ಮಾರನು ಹೊಲದ ಬದುವಿನ ಮೇಲೆ ಬಂದು ನಿಂತು, “ನಾನು ಮಾರಿದ್ದು ರಾಗಿ ಕೊಯ್ಯುವುದಕ್ಕೆ ಮಾತ್ರ, ಬತ್ತ ಕೊಯ್ದುದಕ್ಕೆ ಬೇರೆ ಹಣ ತೆಗೆ” ಎಂದರೆ ಊರವರೆಲ್ಲ ನಕ್ಕಾರು. ಕೊಂಡ ವಸ್ತುವಿನ ಮೇಲೆ ಮಾರಿದವನ ಅಧಿಕಾರ ಉಳಿಯುವುದಿಲ್ಲ ಎಂಬುದು ನಮಗೆಲ್ಲರಿಗೂ ಸಹಜವಾಗಿ ತೋರುವ ನ್ಯಾಯ.

ಆದರೆ ಕುಡುಗೋಲಿನ ಸ್ಥಾನದಲ್ಲಿ ಎರಡು ಬೆರಳುಗಳ ನಡುವೆ ಹಿಡಿಯಬಹುದಾದ ಒಂದು ಸಿಲಿಕಾನ್ ಚಿಪ್ ಇದ್ದರೆ? ಆ ಚಿಪ್‌ನಲ್ಲಿ ಅಡಗಿರುವ ಯುಕ್ತಿಯ ಮೇಲೆ ಮೂರನೆಯವನೊಬ್ಬನಿಗೆ ಪೇಟೆಂಟು ಇದ್ದರೆ? ಚಿಪ್ ತಯಾರಿಸಿದವನು ಆ ಮೂರನೆಯವನಿಗೆ ಹಣ ತೆತ್ತಿದ್ದರೂ, ಚಿಪ್ ಕೊಂಡು ಗಣಕಕ್ಕೆ ಜೋಡಿಸಿದವನು ಇನ್ನೊಮ್ಮೆ ಹಣ ತೆರಬೇಕೇ? ಈ ಪ್ರಶ್ನೆಯನ್ನು ಹಿಡಿದು ತೈವಾನಿನ ಕ್ವಾಂಟಾ ಎಂಬ ಕಂಪನಿಯೂ ದಕ್ಷಿಣ ಕೊರಿಯಾದ ಎಲ್‌ಜಿ ಎಲೆಕ್ಟ್ರಾನಿಕ್ಸ್ ಕಂಪನಿಯೂ ಅಮೆರಿಕದ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಸೆಣಸಿದವು. ಕೊನೆಗೆ 2008ನೆಯ ಇಸವಿಯಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಮೇಲ್ನೋಟಕ್ಕೆ ಇದು ಎರಡು ಕಂಪನಿಗಳ ಹಣದ ಜಗಳ. ಆಳಕ್ಕೆ ಇಳಿದು ನೋಡಿದರೆ, ನಾವು ಹಣ ಕೊಟ್ಟು ಕೊಂಡ ಯಂತ್ರವು ನಿಜವಾಗಿ ನಮ್ಮದೇ ಅಲ್ಲವೇ ಎಂಬ ಪ್ರಶ್ನೆ ಅದರೊಳಗಿದೆ.

ಪೇಟೆಂಟು ಎಂಬ ಕರಾರು

ಪೇಟೆಂಟು ಎಂಬ ಮಾತಿನ ಮೂಲಾರ್ಥ ‘ತೆರೆದಿಟ್ಟದ್ದು’ ಎಂದು. ಅದರ ತಿರುಳೂ ಈ ಅರ್ಥದಲ್ಲಿಯೇ ಅಡಗಿದೆ. ಹಿಂದಿನ ಕಾಲದಲ್ಲಿ ಕುಶಲಕರ್ಮಿಯು ತನ್ನ ಕಸುಬಿನ ಗುಟ್ಟನ್ನು ಮಗನಿಗೋ ಅಳಿಯನಿಗೋ ಮಾತ್ರ ಹೇಳಿಕೊಡುತ್ತಿದ್ದನು. ಹೇಳಿಕೊಡದೆ ಸತ್ತರೆ ವಿದ್ಯೆಯೂ ಅವನೊಡನೆ ಮಣ್ಣುಗೂಡುತ್ತಿತ್ತು. ಇದರಿಂದ ಸಮಾಜಕ್ಕೆ ಆಗುವ ನಷ್ಟವನ್ನು ತಪ್ಪಿಸಲು ರಾಜ್ಯವು ಶೋಧಕನೊಡನೆ ಒಂದು ಕರಾರು ಮಾಡಿಕೊಳ್ಳುತ್ತದೆ. “ನಿನ್ನ ಗುಟ್ಟನ್ನು ಎಲ್ಲರೂ ಓದಿ ತಿಳಿಯುವಂತೆ ಬರೆದುಕೊಡು, ಅದಕ್ಕೆ ಪ್ರತಿಯಾಗಿ ಇಂತಿಷ್ಟು ವರ್ಷಗಳ ಕಾಲ ನಿನ್ನ ಅನುಮತಿಯಿಲ್ಲದೆ ಬೇರಾರೂ ಅದನ್ನು ಮಾಡದಂತೆ, ಬಳಸದಂತೆ, ಮಾರದಂತೆ ನಾವು ನೋಡಿಕೊಳ್ಳುತ್ತೇವೆ” ಎಂಬುದೇ ಆ ಕರಾರು. ವೆನಿಸ್ ನಗರರಾಜ್ಯವು 1474ರಲ್ಲಿಯೇ ಇಂಥ ಶಾಸನವನ್ನು ಮಾಡಿತ್ತು. ಅಮೆರಿಕದ ಮೊದಲ ಪೇಟೆಂಟು ಶಾಸನ 1790ರದು. ಭಾರತದ ಮೊದಲ ಶಾಸನ 1856ರದು. ಈಗ ಬಹುಮಟ್ಟಿಗೆ ಎಲ್ಲ ದೇಶಗಳಲ್ಲಿಯೂ ಅರ್ಜಿ ಹಾಕಿದ ದಿನದಿಂದ 20 ವರ್ಷಗಳವರೆಗೆ ಈ ರಕ್ಷಣೆ ಇರುತ್ತದೆ.

ಇಲ್ಲಿ ಎರಡು ಸೂಕ್ಷ್ಮಗಳನ್ನು ನಾವು ಗಮನದಲ್ಲಿಡಬೇಕು. ಮೊದಲನೆಯದು, ಪೇಟೆಂಟು ಒಂದು ವಸ್ತುವಿನ ಒಡೆತನವಲ್ಲ. ಇತರರನ್ನು ತಡೆಯುವ ಹಕ್ಕು. ಎರಡನೆಯದು, ಅದು ಎರಡು ಬಗೆಯಲ್ಲಿ ದೊರೆಯುತ್ತದೆ. ಹೊಸ ಬಗೆಯ ಒಲೆಯೊಂದನ್ನು ರಚಿಸಿದವನು ಆ ಒಲೆಗೇ ಪೇಟೆಂಟು ಕೇಳಬಹುದು. ಇಲ್ಲವೇ ಆ ಒಲೆಯಲ್ಲಿ ಕಾಳು ಹುರಿಯುವ ಹೊಸ ವಿಧಾನಕ್ಕೆ ಕೇಳಬಹುದು. ಮೊದಲನೆಯದು ಕಣ್ಣಿಗೆ ಕಾಣುವ ವಸ್ತು. ಎರಡನೆಯದು ಹಂತಹಂತವಾಗಿ ನಡೆಯುವ ಕ್ರಿಯೆ. ವಸ್ತುವನ್ನು ಕೈಯಿಂದ ಕೈಗೆ ದಾಟಿಸಬಹುದು. ಕ್ರಿಯೆಯನ್ನು ಹಾಗೆ ದಾಟಿಸಬಹುದೇ? ಮುಂದೆ ನಮ್ಮ ವ್ಯಾಜ್ಯದಲ್ಲಿ ಈ ಭೇದವೇ ಒಂದು ದೊಡ್ಡ ತೊಡಕಾಗಿ ಪರಿಣಮಿಸಿತು.

ಹಲವು ಕೈಗಳ ಕೂಟ

ಲ್ಯಾಪ್‌ಟಾಪ್ ಗಣಕವನ್ನು ಹೊರಗಿನಿಂದ ನೋಡಿದರೆ ಒಂದೇ ವಸ್ತುವಿನಂತೆ ಕಾಣುತ್ತದೆ. ನಿಜವಾಗಿ ಅದು ಹಲವು ವಸ್ತುಗಳ ಕೂಟ. ಕಚೇರಿಗಳಲ್ಲಿ ಬಳಸುವ ಡಾಕಿಂಗ್ ಸ್ಟೇಷನ್ ಎಂಬ ಪೀಠವನ್ನು ಕಂಡವರಿಗೆ ಈ ಮಾತು ಬೇಗ ಮನವರಿಕೆಯಾಗುತ್ತದೆ. ಹಡಗು ಬಂದು ಕಟ್ಟೆಗೆ ನಿಂತೊಡನೆ ಸರಕು, ನೀರು, ಇಂಧನ ಎಲ್ಲವೂ ಅದಕ್ಕೆ ಒದಗುವಂತೆ, ಲ್ಯಾಪ್‌ಟಾಪನ್ನು ಈ ಪೀಠಕ್ಕೆ ಸೇರಿಸಿದೊಡನೆ ವಿದ್ಯುತ್ತು, ದೊಡ್ಡ ಪರದೆ, ಕೀಲಿಮಣೆ, ಮುದ್ರಣಯಂತ್ರ, ಜಾಲದ ತಂತಿ ಎಲ್ಲವೂ ಒಮ್ಮೆಗೇ ಕೂಡಿಕೊಳ್ಳುತ್ತವೆ. 1992ರಲ್ಲಿ ಆಪಲ್ ಕಂಪನಿಯು ಹೊರತಂದ ಡ್ಯುಯೋ ಎಂಬ ಪುಟ್ಟ ಗಣಕವಂತೂ ವಿಡಿಯೋ ಪೆಟ್ಟಿಗೆಯೊಳಕ್ಕೆ ಕ್ಯಾಸೆಟ್ ನುಗ್ಗುವಂತೆ ತನ್ನ ಪೀಠದೊಳಕ್ಕೆ ಪೂರ್ತಿಯಾಗಿ ಜಾರಿಕೊಂಡು ಕುಳಿತುಬಿಡುತ್ತಿತ್ತು. ಗಣಕವನ್ನು ಒಬ್ಬರು, ಪೀಠವನ್ನು ಇನ್ನೊಬ್ಬರು, ಪರದೆಯನ್ನು ಮತ್ತೊಬ್ಬರು ಮಾಡಿರಬಹುದು. ಕೂಡಿದ ಮೇಲೆ ಒಂದೇ ಯಂತ್ರ.

ಹೊರಗೆ ನಡೆಯುವ ಈ ಜೋಡಣೆಯೇ ಗಣಕದ ಒಳಗೂ ನಡೆದಿರುತ್ತದೆ. ಲೆಕ್ಕ ಮಾಡುವ ಪ್ರೊಸೆಸರ್ ಒಂದು. ಅದಕ್ಕೂ ಉಳಿದ ಭಾಗಗಳಿಗೂ ನಡುವೆ ನಿಂತು ವ್ಯವಹಾರ ನಡೆಸುವ ಚಿಪ್‌ಸೆಟ್ ಒಂದು. ಮಾಹಿತಿಯನ್ನು ಕೂಡಿಡುವ ಸ್ಮೃತಿಕೋಶ ಒಂದು. ಇವುಗಳ ನಡುವೆ ಮಾಹಿತಿಯನ್ನು ಹೊತ್ತೊಯ್ಯುವ ತಂತಿಗಳ ಹೆದ್ದಾರಿ ಒಂದು. ಈ ಹೆದ್ದಾರಿಗೆ ತಂತ್ರಜ್ಞರು ‘ಬಸ್’ ಎಂದು ಹೆಸರಿಟ್ಟಿದ್ದಾರೆ. ಕ್ವಾಂಟಾ ಕಂಪನಿಯು ಜಗತ್ತಿನ ಬಹು ದೊಡ್ಡ ಲ್ಯಾಪ್‌ಟಾಪ್ ತಯಾರಕರಲ್ಲಿ ಒಂದು. ಆದರೆ ಅದರ ಹೆಸರನ್ನು ಕೇಳಿದವರು ವಿರಳ. ಏಕೆಂದರೆ ಅದು ಬೇರೆ ಬೇರೆ ಪ್ರಸಿದ್ಧ ಕಂಪನಿಗಳ ಹೆಸರಿನಲ್ಲಿ ಮಾರಾಟವಾಗುವ ಗಣಕಗಳನ್ನು ಕಟ್ಟಿಕೊಡುತ್ತದೆ. ಅದು ಪ್ರೊಸೆಸರ್ ಮತ್ತು ಚಿಪ್‌ಸೆಟ್‌ಗಳನ್ನು ಅಮೆರಿಕದ ಇಂಟೆಲ್ ಕಂಪನಿಯಿಂದ ಕೊಂಡಿತು; ಸ್ಮೃತಿಕೋಶ ಮತ್ತು ಬಸ್‌ಗಳನ್ನು ಬೇರೆ ಕಡೆಯಿಂದ ತಂದು, ಇಂಟೆಲ್ ಹೇಳಿದ ಕ್ರಮದಲ್ಲಿಯೇ ಅವನ್ನು ಜೋಡಿಸಿತು. ವ್ಯಾಜ್ಯ ಹುಟ್ಟಿದುದು ಈ ಜೋಡಣೆಯಿಂದ.

ಮೂರು ಯುಕ್ತಿಗಳು

ಎಲ್‌ಜಿ ಕಂಪನಿಯು 1999ರಲ್ಲಿ ಗಣಕ ತಂತ್ರಕ್ಕೆ ಸಂಬಂಧಿಸಿದ ಪೇಟೆಂಟುಗಳ ಒಂದು ಗಂಟನ್ನೇ ಕೊಂಡುಕೊಂಡಿತ್ತು. ಅದರಲ್ಲಿದ್ದ ಮೂರು ಪೇಟೆಂಟುಗಳು ನಮ್ಮ ಕಥೆಗೆ ಮುಖ್ಯವಾದವು. ಅವುಗಳಲ್ಲಿರುವ ವಿಚಾರಗಳು ವಿದ್ಯಾರ್ಥಿಗಳು ತಿಳಿಯತಕ್ಕವೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಅಂಗಡಿಯಲ್ಲಿ ಕಿರ್ದಿ, ಖಾತೆ ಎಂದು ಎರಡು ಪುಸ್ತಕಗಳಿರುವುದನ್ನು ವಾಚಕರು ಬಲ್ಲರು. ಆಯಾ ಹೊತ್ತಿನ ವ್ಯವಹಾರ ಮೊದಲು ಕಿರ್ದಿಯಲ್ಲಿ ದಾಖಲಾಗುತ್ತದೆ. ಬಿಡುವಾದಾಗ ಅದನ್ನು ದೊಡ್ಡ ಖಾತೆಗೆ ಏರಿಸುತ್ತಾರೆ. ಪ್ರೊಸೆಸರ್ ಸಹ ಹೀಗೆಯೇ ಮಾಡುತ್ತದೆ. ಮುಖ್ಯ ಸ್ಮೃತಿಕೋಶವು ದೊಡ್ಡದು, ಆದರೆ ನಿಧಾನ. ಆದುದರಿಂದ ಪದೇ ಪದೇ ಬೇಕಾಗುವ ಮಾಹಿತಿಯ ಪ್ರತಿಯೊಂದನ್ನು ಪ್ರೊಸೆಸರ್ ತನ್ನ ಪಕ್ಕದಲ್ಲಿಯೇ ‘ಕ್ಯಾಶ್’ ಎಂಬ ಚಿಕ್ಕ, ಚುರುಕಾದ ಕೋಶದಲ್ಲಿ ಇಟ್ಟುಕೊಂಡು ಅದರಲ್ಲಿಯೇ ತಿದ್ದುತ್ತದೆ. ಈಗ ತೊಂದರೆ ಏನೆಂದರೆ, ಕಿರ್ದಿಯಲ್ಲಿ ತಿದ್ದಾಗಿ ಖಾತೆಗೆ ಇನ್ನೂ ಏರದೆ ಇರುವ ಹೊತ್ತಿನಲ್ಲಿ ಇನ್ನೊಬ್ಬನು ಬಂದು ಖಾತೆಯನ್ನು ತೆರೆದರೆ, ಅವನಿಗೆ ಸಿಗುವುದು ಹಳಸಿದ ಲೆಕ್ಕ. ಸಾಲ ತೀರಿಸಿದವನಿಗೂ ತಗಾದೆ ಹೋದೀತು! ಮೊದಲನೆಯ ಪೇಟೆಂಟು ಈ ತೊಂದರೆಯನ್ನು ಪರಿಹರಿಸುತ್ತದೆ. ಖಾತೆಯಿಂದ ಯಾರು ಏನನ್ನು ಕೇಳುತ್ತಿದ್ದಾರೆ ಎಂಬುದರ ಮೇಲೆ ಸದಾ ಕಣ್ಣಿಟ್ಟಿದ್ದು, ಕೇಳಿದ ಅಂಶ ಹಳೆಯದಾಗಿದ್ದರೆ ತತ್‌ಕ್ಷಣ ಕ್ಯಾಶ್‌ನಿಂದ ಹೊಸದನ್ನು ಬರೆಸಿ ಆಮೇಲೆ ಕೊಡುವ ಏರ್ಪಾಡು ಅದು.

ಎರಡನೆಯ ಪೇಟೆಂಟು ಓದುವ ಮತ್ತು ಬರೆಯುವ ಬೇಡಿಕೆಗಳ ಸರದಿಯನ್ನು ಕುರಿತದ್ದು. ಸ್ಮೃತಿಕೋಶದಿಂದ ಓದುವ ಕೆಲಸ ಬೇಗ ಮುಗಿಯುತ್ತದೆ. ಬರೆಯುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಕು. ಬಂದವರನ್ನು ಬಂದ ಕ್ರಮದಲ್ಲಿಯೇ ಕಳುಹಿಸುತ್ತ ಹೋದರೆ ಗಣಕವು ಮಂದವಾಗುತ್ತದೆ. ಓದುವವರನ್ನೆಲ್ಲ ಮೊದಲು ಬಿಟ್ಟರೆ ವೇಗವೇನೋ ಸಿಗುತ್ತದೆ. ಆದರೆ ಇನ್ನೂ ಬರೆಯದೆ ಬಾಕಿ ಉಳಿದಿರುವ ಅಂಶವನ್ನೇ ಯಾರಾದರೂ ಓದಲು ಬಂದರೆ ತಪ್ಪು ಉತ್ತರ ದೊರೆಯುತ್ತದೆ. ಆದುದರಿಂದ ಸಾಮಾನ್ಯವಾಗಿ ಓದುವುದಕ್ಕೇ ಅಗ್ರಸ್ಥಾನ. ಬಾಕಿ ಇರುವ ಬರಹಕ್ಕೆ ಸಂಬಂಧಿಸಿದ ಓದು ಎದುರಾದೊಡನೆ ಅದನ್ನು ತಡೆದು, ಬಾಕಿಯನ್ನೆಲ್ಲ ಬರೆದು ಮುಗಿಸಿ, ಮತ್ತೆ ಓದುವುದಕ್ಕೆ ಹಿಂದಿರುಗುವುದು. ವೇಗವೂ ಉಳಿಯಿತು, ಸತ್ಯವೂ ಉಳಿಯಿತು.

ಮೂರನೆಯದು ಬಸ್ ಎಂಬ ಹೆದ್ದಾರಿಯ ಹಂಚಿಕೆಯ ವಿಚಾರ. ನಾಲೆಯ ನೀರಿಗೆ ಹಲವು ಗದ್ದೆಗಳವರು ಕಾದಿರುವಾಗ ತಲೆಗಾಲುವೆಯ ಪಕ್ಕದವನೊಬ್ಬನೇ ಮಡೆ ತೆರೆದುಕೊಂಡು ಕುಳಿತರೆ ಕೊನೆಯ ಗದ್ದೆ ಒಣಗುತ್ತದೆ. ಅದಕ್ಕಾಗಿ ಸರದಿ ಏರ್ಪಡಿಸುತ್ತಾರೆ. ಗಣಕದಲ್ಲಿಯೂ ಒಂದೇ ಬಸ್ಸನ್ನು ಹಲವು ಸಾಧನಗಳು ಬಳಸಬೇಕು. ಪ್ರತಿಯೊಂದಕ್ಕೂ ಇಂತಿಷ್ಟು ಆವರ್ತಗಳವರೆಗೆ ಆದ್ಯತೆ ಕೊಟ್ಟು, ಹೆಚ್ಚು ಕೆಲಸವಿರುವ ಸಾಧನಕ್ಕೆ ಕೊಂಚ ಹೆಚ್ಚು ಆವರ್ತಗಳನ್ನು ಬಿಟ್ಟು, ಆದರೆ ಯಾವುದೂ ಬಸ್ಸನ್ನು ಕೊನೆಯಿಲ್ಲದೆ ಹಿಡಿದು ಕೂರದಂತೆ ಸರದಿಯನ್ನು ತಿರುಗಿಸುವ ಕ್ರಮವನ್ನು ಈ ಪೇಟೆಂಟು ವಿವರಿಸುತ್ತದೆ.

ಈ ಮೂರರಲ್ಲಿಯೂ ಒಂದು ಸಾಮಾನ್ಯ ಲಕ್ಷಣವನ್ನು ನಾವು ಕಾಣಬಹುದು. ಯುಕ್ತಿಯ ಮಿದುಳೆಲ್ಲ ಪ್ರೊಸೆಸರ್ ಮತ್ತು ಚಿಪ್‌ಸೆಟ್‌ಗಳ ಒಳಗಿದೆ. ಆದರೆ ಆ ಯುಕ್ತಿ ಕಾರ್ಯರೂಪಕ್ಕೆ ಬರಬೇಕಾದರೆ ಚಿಪ್‌ಗೆ ಸ್ಮೃತಿಕೋಶವನ್ನೂ ಬಸ್ಸನ್ನೂ ಜೋಡಿಸಲೇಬೇಕು. ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುವ ಚಿಪ್ ಯಾವ ಖಾತೆಯನ್ನೂ ಕಾಯದು, ಯಾವ ಸರದಿಯನ್ನೂ ನಡೆಸದು.

ಒಪ್ಪಂದದೊಳಗಿನ ಗಂಟು

ಎಲ್‌ಜಿ ಮತ್ತು ಇಂಟೆಲ್ ಕಂಪನಿಗಳು ಪೇಟೆಂಟುಗಳ ಬಗೆಗೆ ಒಂದು ಪರವಾನಗಿ ಒಪ್ಪಂದ ಮಾಡಿಕೊಂಡವು. ಅದರಂತೆ ಇಂಟೆಲ್ ಈ ಪೇಟೆಂಟುಗಳನ್ನು ಬಳಸುವ ತನ್ನ ವಸ್ತುಗಳನ್ನು ತಯಾರಿಸಬಹುದು, ಬಳಸಬಹುದು, ಮಾರಬಹುದು. ಆದರೆ ಇಂಟೆಲ್‌ನ ವಸ್ತುವನ್ನು ಬೇರೆಯವರ ವಸ್ತುವಿನೊಡನೆ ಕೂಡಿಸುವ ಮೂರನೆಯವರಿಗೆ ಯಾವ ಪರವಾನಗಿಯೂ ಇದರಿಂದ ದೊರೆಯುವುದಿಲ್ಲ ಎಂದು ಒಪ್ಪಂದದಲ್ಲಿ ಬರೆದಿತ್ತು. ಅದೇ ಒಪ್ಪಂದದ ಇನ್ನೊಂದು ಕಡೆಯಲ್ಲಿ, ಮಾರಾಟದಿಂದ ಪೇಟೆಂಟಿನ ಹಕ್ಕು ತೀರಿಹೋಗುವ ಕಾನೂನಿನ ನಿಯಮಕ್ಕೆ ಇಲ್ಲಿನ ಯಾವ ಮಾತೂ ಅಡ್ಡಿಯಲ್ಲ ಎಂದೂ ಬರೆದಿತ್ತು! ಇದರ ಜೊತೆಗೆ ಇನ್ನೊಂದು ಪ್ರತ್ಯೇಕ ಒಪ್ಪಂದವಿತ್ತು. ಅದರ ಪ್ರಕಾರ ಇಂಟೆಲ್ ತನ್ನ ಗಿರಾಕಿಗಳಿಗೆ, “ಎಲ್‌ಜಿಯ ಪರವಾನಗಿ ನಮ್ಮ ವಸ್ತುವಿಗೆ ಮಾತ್ರ, ಇತರರ ವಸ್ತುವಿನೊಡನೆ ಕೂಡಿಸಿ ನೀವು ಮಾಡುವ ಗಣಕಕ್ಕೆ ಅಲ್ಲ” ಎಂಬ ಅರ್ಥದ ಲಿಖಿತ ಸೂಚನೆಯನ್ನು ಕೊಡಬೇಕಿತ್ತು. ಇಂಟೆಲ್ ಹಾಗೆಯೇ ಸೂಚನೆ ಕೊಟ್ಟಿತು. ಆದರೂ ಕ್ವಾಂಟಾ ಚಿಪ್‌ಗಳನ್ನು ಕೊಂಡು ಗಣಕಗಳನ್ನು ಕಟ್ಟಿತು. ಕಟ್ಟದೆ ಇನ್ನೇನು ಮಾಡೀತು? ಎಲ್‌ಜಿ ನ್ಯಾಯಾಲಯದ ಮೆಟ್ಟಿಲೇರಿತು.

ಶವಪೆಟ್ಟಿಗೆಯ ಮುಚ್ಚಳವೂ ಕನ್ನಡಕದ ಗಾಜೂ

ಗಣಕಗಳು ಹೊಸವಾದರೂ ಪ್ರಶ್ನೆ ಹಳೆಯದೇ. ಅಮೆರಿಕದ ನ್ಯಾಯಾಲಯಗಳು ಒಂದೂವರೆ ಶತಮಾನದಿಂದ ಇದರೊಡನೆ ಹೆಣಗಿವೆ. ಅವುಗಳಲ್ಲಿ ಅತ್ಯಂತ ಸ್ವಾರಸ್ಯವಾದುದು 1873ರ ಶವಪೆಟ್ಟಿಗೆಯ ಮೊಕದ್ದಮೆ. ಶವಪೆಟ್ಟಿಗೆಯ ಹೊಸ ಬಗೆಯ ಮುಚ್ಚಳವೊಂದಕ್ಕೆ ಪೇಟೆಂಟು ಇದ್ದಿತು. ಬಾಸ್ಟನ್ ನಗರದ ಸುತ್ತ 10 ಮೈಲಿಯ ವೃತ್ತದೊಳಗೆ ಅದರ ಹಕ್ಕು ಒಬ್ಬರದು, ಹೊರಗೆ ಇನ್ನೊಬ್ಬರದು. ಬಾಸ್ಟನ್ನಿಂದ 17 ಮೈಲಿ ದೂರದ ನೇಟಿಕ್ ಎಂಬ ಊರಿನ ಬರ್ಕ್ ಎಂಬವನು ಶವಸಂಸ್ಕಾರದ ಕೆಲಸ ನಡೆಸುತ್ತಿದ್ದನು. ಅವನು ವೃತ್ತದೊಳಗಿನವರಿಂದ ನ್ಯಾಯವಾಗಿ ಕೊಂಡ ಪೆಟ್ಟಿಗೆಗಳನ್ನು ತನ್ನ ಊರಿಗೆ ಒಯ್ದು ಬಳಸಿದನು. ಹೊರಗಿನ ಹಕ್ಕುದಾರನಾದ ಆ್ಯಡಮ್ಸ್ ದಾವೆ ಹೂಡಿದನು. ಬಳಕೆಯಲ್ಲಿಯೇ ಬೆಲೆಯಿರುವ ವಸ್ತುವನ್ನು ಮಾರಿದವನು ಆ ಬಳಕೆಯ ಬೆಲೆಯನ್ನು ಮಾರಾಟದಲ್ಲಿಯೇ ಪಡೆದಿರುತ್ತಾನೆ. ಆಮೇಲೆ ಬಳಕೆಯನ್ನು ನಿರ್ಬಂಧಿಸಲು ಅವನಿಗೆ ಹಕ್ಕಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ತೀರ್ಮಾನಿಸಿತು. ಈ ತತ್ತ್ವವನ್ನು ಪೇಟೆಂಟು ಹಕ್ಕಿನ ನಿಶ್ಶೇಷತೆ ಎಂದು ನಾವು ಕರೆಯಬಹುದು. ಮೊದಲ ಮಾರಾಟದೊಡನೆ ಆ ವಸ್ತುವಿನ ಮಟ್ಟಿಗೆ ಹಕ್ಕು ತೀರಿಹೋಯಿತು ಎಂದರ್ಥ.

ಆದರೆ ದಾರಿ ಎಲ್ಲೆಡೆಯೂ ನೇರವಾಗಿರಲಿಲ್ಲ. 1912ರಲ್ಲಿ ಎ. ಬಿ. ಡಿಕ್ ಎಂಬ ಕಂಪನಿಯು ತನ್ನ ಪ್ರತಿಮುದ್ರಣ ಯಂತ್ರವನ್ನು ಮಾರುವಾಗ, ‘ನಮ್ಮ ಕಾಗದ, ನಮ್ಮ ಮಸಿಯನ್ನೇ ಬಳಸತಕ್ಕದ್ದು’ ಎಂಬ ಷರತ್ತನ್ನು ಯಂತ್ರಕ್ಕೆ ಅಂಟಿಸಿತ್ತು. ಬೇರೆ ಮಸಿ ಒದಗಿಸಿದವನು ತಪ್ಪಿತಸ್ಥನೆಂದು ಅದೇ ನ್ಯಾಯಾಲಯ ಹೇಳಿತು. ಐದೇ ವರ್ಷಗಳಲ್ಲಿ, 1917ರಲ್ಲಿ, ಚಲನಚಿತ್ರ ತೋರಿಸುವ ಯಂತ್ರಗಳ ಮೇಲಿನ ಇಂಥದೇ ಷರತ್ತನ್ನು ಕುರಿತ ಮೊಕದ್ದಮೆಯಲ್ಲಿ ನ್ಯಾಯಾಲಯವು ತನ್ನ ಹಿಂದಿನ ತೀರ್ಪನ್ನು ತಾನೇ ರದ್ದುಮಾಡಿತು.

ನಮ್ಮ ವ್ಯಾಜ್ಯಕ್ಕೆ ತೀರ ಹತ್ತಿರದ್ದು 1942ರ ಯೂನಿವಿಸ್ ಕನ್ನಡಕದ ಮೊಕದ್ದಮೆ. ಯೂನಿವಿಸ್ ಸಂಸ್ಥೆಗೆ ದೂರಕ್ಕೂ ಸಮೀಪಕ್ಕೂ ಆಗುವ ಕನ್ನಡಕದ ಗಾಜಿನ ಮೇಲೆ ಪೇಟೆಂಟು ಇತ್ತು. ಅದರ ಪರವಾನಗಿಯಿಂದ ಅರೆತಯಾರಾದ ಒರಟು ಗಾಜುಗಳನ್ನು ಮಾರುತ್ತಿದ್ದರು. ಕೊಂಡವರು ಅದನ್ನು ಕಣ್ಣಿಗೆ ತಕ್ಕಂತೆ ಅರೆದು ನಯಮಾಡುತ್ತಿದ್ದರು. ಅರೆಯುವವರೆಗೆ ಪೇಟೆಂಟಿನಲ್ಲಿ ಹೇಳಿದ ಗಾಜು ಪೂರ್ಣವಾಗುವುದಿಲ್ಲ. ಆದುದರಿಂದ ಮುಂದಿನ ಬೆಲೆಯನ್ನೂ ತಾವೇ ನಿಗದಿಮಾಡಬಹುದು ಎಂಬುದು ಯೂನಿವಿಸ್‌ನ ವಾದ. ನ್ಯಾಯಾಲಯ ಒಪ್ಪಲಿಲ್ಲ. ಶೋಧದ ಸಾರವೆಲ್ಲ ಒರಟು ಗಾಜಿನಲ್ಲಿಯೇ ಇರುವಾಗ, ಅದನ್ನು ಅರೆದು ಕನ್ನಡಕಕ್ಕೆ ಕೂರಿಸುವುದರ ಹೊರತು ಅದಕ್ಕೆ ಬೇರೆ ಉಪಯೋಗವೇ ಇಲ್ಲದಿರುವಾಗ, ಮಾರಾಟದೊಡನೆ ಹಕ್ಕು ತೀರಿತು ಎಂದಿತು.

ಸರ್ವೋಚ್ಚ ನ್ಯಾಯಾಲಯದಲ್ಲಿ

ಕ್ವಾಂಟಾ ವ್ಯಾಜ್ಯವು ಮೊದಲು ಕ್ಯಾಲಿಫೋರ್ನಿಯದ ಜಿಲ್ಲಾ ನ್ಯಾಯಾಲಯದಲ್ಲಿ ನಡೆಯಿತು. ವಸ್ತುವಿನ ಪೇಟೆಂಟಾದರೆ ಮಾರಾಟದಿಂದ ತೀರುತ್ತದೆ, ವಿಧಾನದ ಪೇಟೆಂಟು ತೀರುವುದಿಲ್ಲ ಎಂದು ಆ ನ್ಯಾಯಾಲಯ ಕೊನೆಗೆ ಹೇಳಿತು. ಪೇಟೆಂಟು ವಿಷಯಗಳ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕಿಟ್ ನ್ಯಾಯಾಲಯವು 2006ರಲ್ಲಿ ಇನ್ನೂ ಮುಂದೆ ಹೋಗಿ, ಇಂಟೆಲ್‌ಗೆ ಇಂಥ ಕೂಟಕ್ಕೆಂದು ಮಾರುವ ಅಧಿಕಾರವೇ ಇರಲಿಲ್ಲವೆಂದು ಎಲ್‌ಜಿಯ ಪಕ್ಷವನ್ನು ಎತ್ತಿಹಿಡಿಯಿತು. ಕ್ವಾಂಟಾ ಸರ್ವೋಚ್ಚ ನ್ಯಾಯಾಲಯವನ್ನು ಮೊರೆಹೊಕ್ಕಿತು. 2008ರ ಜನವರಿಯಲ್ಲಿ ವಾದಗಳು ನಡೆದು, ಜೂನ್ 9ರಂದು ತೀರ್ಪು ಹೊರಬಿತ್ತು. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರು ಬರೆದ ಆ ತೀರ್ಪು ಸರ್ವಾನುಮತದ್ದು.

ನ್ಯಾಯಾಲಯದ ಮುಂದೆ ಮೂರು ಪ್ರಶ್ನೆಗಳಿದ್ದುವು ಎನ್ನಬಹುದು. ವಿಧಾನದ ಪೇಟೆಂಟು ಮಾರಾಟದಿಂದ ತೀರುತ್ತದೆಯೇ ಎಂಬುದು ಮೊದಲನೆಯದು. ತೀರುತ್ತದೆ ಎಂದಿತು ನ್ಯಾಯಾಲಯ. ಇಲ್ಲವಾದರೆ ಜಾಣನಾದ ಪ್ರತಿಯೊಬ್ಬ ವಕೀಲನೂ ಯಂತ್ರಕ್ಕೆ ಪೇಟೆಂಟು ಕೇಳುವ ಬದಲು ಆ ಯಂತ್ರ ನಡೆಯುವ ವಿಧಾನಕ್ಕೆ ಕೇಳಿಬಿಡುತ್ತಾನೆ. ಹಳೆಯ ನಿಯಮವು ಹೊಸ ಹಿತ್ತಿಲ ಬಾಗಿಲಿನಿಂದ ಹೊರಟುಹೋಗುತ್ತದೆ.

ಪೂರ್ಣ ಗಣಕವನ್ನು ಮಾರದೆ ಅದರ ಒಂದು ಭಾಗವನ್ನು ಮಾತ್ರ ಮಾರಿದಾಗಲೂ ಹಕ್ಕು ತೀರುತ್ತದೆಯೇ ಎಂಬುದು ಎರಡನೆಯದು. ಇಲ್ಲಿ ಕನ್ನಡಕದ ಗಾಜು ನೆರವಿಗೆ ಬಂತು. ಸ್ಮೃತಿಕೋಶಕ್ಕೂ ಬಸ್ಸಿಗೂ ಸೇರದ ಪ್ರೊಸೆಸರ್ ಕೆಲಸವನ್ನೇ ಮಾಡದು. ಅಂದಮೇಲೆ ಗಣಕಕ್ಕೆ ಜೋಡಿಸುವುದೊಂದೇ ಅದರ ಸಹಜವಾದ ಉಪಯೋಗ. ಶೋಧದ ಹೊಸತನವೆಲ್ಲ ಇಂಟೆಲ್‌ನ ಚಿಪ್‌ಗಳಲ್ಲಿಯೇ ಇದೆ; ಕ್ವಾಂಟಾ ಸೇರಿಸಿದ್ದು ಮಾರುಕಟ್ಟೆಯಲ್ಲಿ ಎಲ್ಲರಿಗೂ ಸಿಗುವ ಸಾಮಾನ್ಯ ಭಾಗಗಳನ್ನು. ಒರಟು ಗಾಜನ್ನು ಅರೆಯುವುದು ಎಷ್ಟೋ, ಚಿಪ್‌ಗೆ ಸ್ಮೃತಿಕೋಶವನ್ನು ಜೋಡಿಸುವುದೂ ಅಷ್ಟೇ ಎಂದು ನ್ಯಾಯಾಲಯ ತರ್ಕಿಸಿತು.

ಇಂಟೆಲ್‌ನ ಮಾರಾಟಕ್ಕೆ ಎಲ್‌ಜಿಯ ಅಧಿಕಾರ ಇತ್ತೇ ಎಂಬುದು ಮೂರನೆಯದು ಮತ್ತು ಅತ್ಯಂತ ಸೂಕ್ಷ್ಮವಾದದ್ದು. ಒಪ್ಪಂದವನ್ನು ಸಾಲುಸಾಲಾಗಿ ಓದಿದಾಗ, ಇಂಟೆಲ್ ಇಂಥವರಿಗೆ ಮಾರಕೂಡದು ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಸೂಚನೆ ಕೊಡಬೇಕು ಎಂದಿತ್ತು; ಇಂಟೆಲ್ ಕೊಟ್ಟಿತ್ತು. ಮೂರನೆಯವರಿಗೆ ಪರವಾನಗಿ ಇಲ್ಲ ಎಂದಿತ್ತು. ಆದರೆ ಹಕ್ಕೇ ತೀರಿಹೋದ ವಸ್ತುವನ್ನು ಬಳಸಲು ಪರವಾನಗಿಯ ಅಗತ್ಯವೇ ಬೀಳದು. ಹೀಗೆ ಕ್ವಾಂಟಾ ಗೆದ್ದಿತು. ಒಪ್ಪಂದ ಮುರಿದುದಕ್ಕಾಗಿ ಪರಿಹಾರ ಕೇಳುವ ಮಾರ್ಗವು ಇದ್ದೀತೋ ಇಲ್ಲವೋ ಎಂಬ ಬಗೆಗೆ ನ್ಯಾಯಾಲಯ ಏನನ್ನೂ ಹೇಳಲಿಲ್ಲ.

ಸೋತವರ ಮಾತಿನ ತೂಕ

ಎಲ್‌ಜಿಯದು ಬರಿಯ ದುರಾಸೆ ಎಂದು ತೀರ್ಮಾನಿಸಿದರೆ ನಾವು ಅವಸರಪಟ್ಟಂತೆ. ಅದರ ಪಕ್ಷದಲ್ಲಿಯೂ ಒಂದು ವಿಚಾರವಿದೆ. ಒಂದು ಮಾವಿನ ತೋಪಿನ ಫಸಲನ್ನು ಒಬ್ಬನಿಗೆ, ಹುಲ್ಲನ್ನು ಇನ್ನೊಬ್ಬನಿಗೆ ಗುತ್ತಿಗೆ ಕೊಡುವಂತೆ, ಪೇಟೆಂಟಿನ ಹಕ್ಕನ್ನೂ ತುಂಡುತುಂಡಾಗಿ ಮಾರಲು ಏಕೆ ಆಗಬಾರದು? ಇಂಟೆಲ್‌ಗೆ ಅರ್ಧ ಹಕ್ಕು ಸಾಕಾದರೆ ಅದು ಅರ್ಧ ಬೆಲೆ ಕೊಡಲಿ. ಉಳಿದರ್ಧವನ್ನು ಗಣಕ ಕಟ್ಟುವವರು ಕೊಡಲಿ. ಹೀಗೆ ಮಾಡುವುದನ್ನು ಕಾನೂನು ತಡೆದರೆ, ಪೇಟೆಂಟಿನ ಒಡೆಯನು ಪೂರ್ತಿ ಬೆಲೆಯನ್ನು ಮೊದಲ ಕೊಳ್ಳುವವನಿಂದಲೇ ಕೇಳುತ್ತಾನೆ. ಕಡಮೆ ಬಳಸುವವನೂ ಹೆಚ್ಚು ತೆರಬೇಕಾಗುತ್ತದೆ. ಈ ವಾದವನ್ನು ಅಲ್ಲಗಳೆಯುವುದು ಸುಲಭವಲ್ಲ.

ಆದರೂ ತಕ್ಕಡಿಯ ಇನ್ನೊಂದು ತಟ್ಟೆ ಹೆಚ್ಚು ಭಾರವೆಂದು ತೋರುತ್ತದೆ. ಮಾವಿನ ತೋಪು ಒಂದೆಡೆ ಇರುತ್ತದೆ; ಚಿಪ್ ದೇಶದೇಶಗಳನ್ನು ಸುತ್ತುತ್ತದೆ. ಜೋಡಣೆ ಬಿಡಿಸಿ ರಿಪೇರಿ ಮಾಡುವವನ, ಹಳೆಯದನ್ನು ಕೊಳ್ಳುವ ವಿದ್ಯಾರ್ಥಿಯ, ಪೀಠಕ್ಕೆ ಸೇರಿಸಿ ಬಳಸುವ ಗುಮಾಸ್ತನ ಕೈಗೆ ಅದು ಬರುತ್ತದೆ. ಪ್ರತಿ ಜೋಡಣೆಯನ್ನೂ ಹೊಸ ‘ಕೂಟ’ವೆಂದು ಕರೆದು ಕಪ್ಪ ಕೇಳುವುದಾದರೆ, ಯಾರು ಯಾರಿಗೆ ಎಷ್ಟು ಕೊಡಬೇಕೆಂದು ತಿಳಿಯುವವರು ಯಾರು? ಒಂದು ಸಾಧಾರಣ ಸ್ಮಾರ್ಟ್‌ಫೋನಿನಲ್ಲಿ 2,50,000 ಪೇಟೆಂಟುಗಳು ಅಡಗಿರಬಹುದೆಂಬ ಅಂದಾಜನ್ನು ಅದೇ ನ್ಯಾಯಾಲಯವು 2017ರ ತೀರ್ಪೊಂದರಲ್ಲಿ ಉಲ್ಲೇಖಿಸಿದೆ. ಅಷ್ಟು ಹಕ್ಕುಗಳು ಪ್ರತಿ ಮಾರಾಟದಲ್ಲಿಯೂ ವಸ್ತುವಿನ ಬೆನ್ನು ಹತ್ತಿ ನಡೆದರೆ ಸಂತೆ ನಡೆಯುವ ಬಗೆ ಹೇಗೆ?

ಬೀಜವೂ ಮಸಿಯ ಪೆಟ್ಟಿಗೆಯೂ

ತತ್ತ್ವಕ್ಕೆ ಎಲ್ಲೆಯೂ ಉಂಟು. 2013ರಲ್ಲಿ ಇಂಡಿಯಾನಾ ರಾಜ್ಯದ ಬೋಮನ್ ಎಂಬ ರೈತನ ಮೊಕದ್ದಮೆ ಇದನ್ನು ತೋರಿಸಿತು. ಕಳೆನಾಶಕವನ್ನು ತಾಳಿಕೊಳ್ಳುವ ಸೋಯಾ ಅವರೆಯ ಮೇಲೆ ಮಾನ್ಸಾಂಟೋ ಕಂಪನಿಗೆ ಪೇಟೆಂಟು ಇತ್ತು. ಆ ರೈತನು ಕಣಜದಿಂದ ಧಾನ್ಯವೆಂದು ಸೋಯಾ ಕಾಳನ್ನು ಕೊಂಡು ಬಿತ್ತಿದನು. ಕಳೆನಾಶಕ ಸಿಂಪಡಿಸಿ ಉಳಿದ ಗಿಡಗಳ ಕಾಳನ್ನು ಮುಂದಿನ ಬಿತ್ತನೆಗೆ ಇಟ್ಟುಕೊಂಡನು. ಕೊಂಡ ಕಾಳಿನ ಮೇಲೆ ಹಕ್ಕು ತೀರಿದೆಯಲ್ಲ ಎಂಬುದು ಅವನ ವಾದ. ಕೊಂಡ ಕಾಳನ್ನು ತಿನ್ನಬಹುದು, ಮಾರಬಹುದು. ಆದರೆ ಅದರಿಂದ ಹೊಸ ಪ್ರತಿಗಳನ್ನು ಬೆಳೆಯುವುದು ಬಳಕೆಯಲ್ಲ, ಹೊಸ ತಯಾರಿಕೆ ಎಂದು ನ್ಯಾಯಾಲಯವು ಸರ್ವಾನುಮತದಿಂದ ಹೇಳಿತು. ಕುಡುಗೋಲು ಮರಿಹಾಕುವುದಿಲ್ಲ, ಬೀಜ ಹಾಕುತ್ತದೆ. ಹಳೆಯ ನಿಯಮವನ್ನು ಹೊಸ ವಸ್ತುವಿಗೆ ಅನ್ವಯಿಸುವಾಗ ವಸ್ತುವಿನ ಸ್ವಭಾವವನ್ನು ನೋಡಬೇಕೆಂಬುದಕ್ಕೆ ಇದು ನಿದರ್ಶನ.

ಕ್ವಾಂಟಾ ತೀರ್ಪಿನಲ್ಲಿ ಒಂದು ಸಂದೇಹ ಉಳಿದಿತ್ತು. ಒಪ್ಪಂದದಲ್ಲಿ ಎಲ್‌ಜಿಯವರು ನಿರ್ಬಂಧವನ್ನು ಸ್ಪಷ್ಟವಾಗಿ ಬರೆದಿದ್ದರೆ? ಇದಕ್ಕೆ ಉತ್ತರ 2017ರಲ್ಲಿ ದೊರೆಯಿತು. ಲೆಕ್ಸ್‌ಮಾರ್ಕ್ ಕಂಪನಿಯು ಮುದ್ರಣಯಂತ್ರದ ಮಸಿಪೆಟ್ಟಿಗೆಗಳನ್ನು ರಿಯಾಯಿತಿ ಬೆಲೆಗೆ ಮಾರಿ, ಒಮ್ಮೆ ಬಳಸಿದ ಮೇಲೆ ತನಗೇ ಹಿಂದಿರುಗಿಸಬೇಕೆಂದು ಗಿರಾಕಿಗಳಿಂದ ಕರಾರು ಪಡೆದಿತ್ತು. ಇಂಪ್ರೆಷನ್ ಎಂಬ ಚಿಕ್ಕ ಕಂಪನಿಯು ಖಾಲಿಯಾದ ಪೆಟ್ಟಿಗೆಗಳಿಗೆ ಮತ್ತೆ ಮಸಿ ತುಂಬಿಸಿ ಮಾರಿತು. ಪೇಟೆಂಟಿನ ಒಡೆಯನೇ ಮಾರಿದ ಮೇಲೆ, ಷರತ್ತು ಎಷ್ಟೇ ಸ್ಪಷ್ಟವಾಗಿದ್ದರೂ, ಪೇಟೆಂಟಿನ ಬಲದಿಂದ ಅದನ್ನು ಜಾರಿಗೊಳಿಸಲಾಗದು. ಕರಾರು ಮುರಿದ ಗಿರಾಕಿಯ ಮೇಲೆ ಕರಾರಿನ ಕಾನೂನಿನಂತೆ ಹೋಗಬಹುದು, ಅಷ್ಟೇ ಎಂದು ನ್ಯಾಯಾಲಯ ಹೇಳಿತು. ವಿದೇಶದಲ್ಲಿ ಮಾರಿದ ವಸ್ತುವಿಗೂ ಈ ನಿಯಮ ಅನ್ವಯಿಸುತ್ತದೆಂದು ಬಹುಮತವು ನಿರ್ಣಯಿಸಿತು.

ನಮ್ಮ ಶಾಸನದ ಮಾತು

ಈ ತೀರ್ಪುಗಳು ಅಮೆರಿಕದವು; ನಮ್ಮ ನ್ಯಾಯಾಲಯಗಳನ್ನು ಅವು ಬಂಧಿಸವು. ಆದರೆ ಭಾರತದ 1970ರ ಪೇಟೆಂಟು ಶಾಸನದಲ್ಲಿಯೂ ಇದೇ ಧೋರಣೆಯ ಅಂಶಗಳನ್ನು ಕಾಣಬಹುದು. ಪೇಟೆಂಟು ಪಡೆದ ಯಂತ್ರವನ್ನು ಮಾರುವಾಗ, ಅದರೊಡನೆ ಬಳಸುವ ಇತರ ವಸ್ತುಗಳನ್ನೂ ತನ್ನಿಂದಲೇ ಕೊಳ್ಳಬೇಕೆಂದು ವಿಧಿಸುವ ಷರತ್ತು ಅದರ 140ನೆಯ ಪ್ರಕರಣದಂತೆ ನ್ಯಾಯಸಮ್ಮತವಲ್ಲ. ಡಿಕ್ ಕಂಪನಿಯ ಮಸಿಯ ಷರತ್ತು ನಮ್ಮಲ್ಲಿ ನಿಲ್ಲುತ್ತಿರಲಿಲ್ಲ. ಕಾನೂನಿನಂತೆ ತಯಾರಿಸಿ ಮಾರಲು ಅಧಿಕಾರವುಳ್ಳವನಿಂದ ಪೇಟೆಂಟು ವಸ್ತುವನ್ನು ಕೊಂಡು ಆಮದುಮಾಡಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲವೆಂದು 107ಎ ಪ್ರಕರಣವು ಹೇಳುತ್ತದೆ. ನಮ್ಮ ಮೇಜಿನ ಮೇಲಿನ ಗಣಕಗಳ ಚಿಪ್‌ಗಳು ಬಹುಪಾಲು ಹೊರದೇಶಗಳಿಂದಲೇ ಬರುತ್ತಿರುವಾಗ ಈ ಮಾತಿನ ಮಹತ್ವ ತಾನಾಗಿಯೇ ಸ್ಪಷ್ಟವಾಗುತ್ತದೆ.

ಶೋಧಕನಿಗೆ ಪ್ರತಿಫಲ ಬೇಕು. ಅದಿಲ್ಲದಿದ್ದರೆ ಕಿರ್ದಿ ಖಾತೆಗಳ ತೊಡಕನ್ನು ಬಿಡಿಸಲು ರಾತ್ರಿಯೆಲ್ಲ ದುಡಿಯುವವರು ಕಡಮೆಯಾದಾರು. ಆದರೆ ಪ್ರತಿಫಲ ಒಮ್ಮೆ ಸಂದ ಮೇಲೆ ವಸ್ತುವು ಕೊಂಡವನದಾಗಬೇಕು. ಇಲ್ಲದಿದ್ದರೆ ಕೊಂಡವನು ಒಡೆಯನಲ್ಲ, ಬಾಡಿಗೆದಾರ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಹೊಸ ಚಿಪ್‌ಗಳನ್ನು ರಚಿಸುವರು. ಎಲ್ಲರೂ ಅವುಗಳನ್ನು ಕೊಂಡು ಬಳಸುವರು. ಎರಡೂ ಪಾತ್ರಗಳ ನ್ಯಾಯವನ್ನು ಒಂದೇ ಮನಸ್ಸಿನಲ್ಲಿ ತೂಗಿ ನೋಡುವ ಅಭ್ಯಾಸ ಅವರಿಗೆ ಈಗಿನಿಂದಲೇ ಇರುವುದು ಲೇಸು.